ಆಯಿಲ್ ಕೂಲರ್ ಬಿಚ್ಚಿಸಿದ್ದೇನೆ, ಅಪ್ಪ

ಮಧುಗಿರಿ,
ಮೇ ತಿಂಗಳ ಎರಡನೇ ಗುರುವಾರ

ಅಪ್ಪನಿಗೆ,

ಪತ್ರದ ಮೊದಲಿಗೆ ಕ್ಷೇಮ ಸಮಾಚಾರ ಬರೆಯಬೇಕಂತೆ. ಅಮ್ಮ ಕ್ಷೇಮ. ಕಾರೂ ಈಗ ಕ್ಷೇಮ. ನನಗೆ ಮಾತ್ರ ತಲೆ ಕೆಟ್ಟುಹೋಗಿದೆ. ಹತ್ತು ದಿನದಿಂದ ನೀನು ದೊಡ್ಡೇರಿಯಲ್ಲಿ ಅತ್ತೆಯ ಮನೆ ಸೇರಿಕೊಂಡಿದ್ದೀಯ. ಫೋನ್ ಮಾಡಿದರೆ ಎತ್ತುವುದಿಲ್ಲ. ಅತ್ತೆಗೆ ಮಾಡಿದರೆ ಹಿಂದಿನಿಂದ ನಿನ್ನ ಧ್ವನಿಯೇ ಕೇಳಿಸುತ್ತದೆ: "ನಾನಿಲ್ಲ ಅನ್ನು." ಅರವತ್ತನಾಲ್ಕು ವರ್ಷದ ಮನುಷ್ಯ ಹೀಗಾಡಿದರೆ ಮಗಳು ಕಾಗದ ಬರೆಯದೆ ಇನ್ನೇನು ಮಾಡಬೇಕು? ನಾಳೆ ಅಮ್ಮ ಬಸ್ಸಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ.

ಮೊದಲಿನಿಂದಲೇ ಹೇಳುತ್ತೇನೆ, ಯಾಕೆಂದರೆ ಅತ್ತೆಗೆ ನೀನು ಬೇರೆಯೇ ಕಥೆ ಹೇಳಿರುತ್ತೀಯ. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಪಾವಗಡದ ಲ್ಯಾಬಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವಾಗ, ಮಿಡಿಗೇಶಿ ಹತ್ತಿರದ ಏರಿನಲ್ಲಿ ಕಾರಿನ ಬಿಸಿ ತೋರಿಸುವ ಮುಳ್ಳು ಸ್ವಲ್ಪ ಮೇಲಕ್ಕೆ ಹೋಯಿತು. ಅಷ್ಟೇ. ಊಟಕ್ಕೆ ಕೂತಾಗ ಆ ಮಾತನ್ನು ನಿನ್ನೆದುರು ಆಡಿದ್ದು ನನ್ನ ತಪ್ಪು. ನೀನು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಆಯಿಲ್ ಕೂಲರ್ ಹಾಕಿಸ್ಬುಡು ಕಣಮ್ಮ. ಎಣ್ಣೆ ಕಾದು ನೀರಾದ್ರೆ ಇಂಜಿನ್ನು ಕಚ್ಕಂತದೆ" ಎಂದೆ.

ಅಲ್ಲಿಂದ ಎರಡು ತಿಂಗಳು ಮನೆಯಲ್ಲಿ ಅದೊಂದೇ ಮಾತು. ಇಂಜಿನ್ನಿನ ಎಣ್ಣೆ ಎರಡು ಪೈಪಿನಲ್ಲಿ ಹೊರಗೆ ಬಂದು, ಮುಂದುಗಡೆಯ ಜಾಲರಿಯಲ್ಲಿ ಗಾಳಿಗೆ ತಣ್ಣಗಾಗಿ, ಮತ್ತೆ ಒಳಗೆ ಹೋಗುವುದನ್ನು ನೀನು ಅಮ್ಮನಿಗೆ ಸೌಟು, ಪಾತ್ರೆ ಇಟ್ಟು ತೋರಿಸಿದೆ. ನಾನು ರೋಗಿಯ ತೋಳಿಗೆ ಸೂಜಿ ಚುಚ್ಚುತ್ತಿರುವಾಗ ನೀನು ಮೂರು ಸಲ ಫೋನ್ ಮಾಡಿ "ಕೂಲರ್ ವಿಸ್ಯ ಏನ್ಮಾಡ್ದೆ" ಎಂದೆ. ಕೊರಟಗೆರೆಯ ನಾಮಕರಣಕ್ಕೆ ಹೋದರೆ, ನೀನು ಮಗುವಿನ ಹೆಸರು ಕೇಳುವುದು ಬಿಟ್ಟು, ಪಂಕ್ತಿಯಲ್ಲಿ ಎದುರು ಕೂತವರನ್ನು ಅವರ ಗಾಡಿಯ ಎಣ್ಣೆ ಎಷ್ಟು ಕಾಯುತ್ತದೆ ಎಂದು ವಿಚಾರಿಸಿದೆ. ಮಗುವಿನ ತಂದೆ ನನ್ನ ಮುಖ ನೋಡಿದ. ನಾನು ಪಾಯಸ ನೋಡಿದೆ.

ನಿನ್ನ ಕಾಟ ತಾಳಲಾರದೆ ಕಾರನ್ನು ರುದ್ರಯ್ಯನ ಗ್ಯಾರೇಜಿಗೆ ಒಯ್ದೆ. ಅವನು ಬಾನೆಟ್ ಎತ್ತಿ, ರೇಡಿಯೇಟರಿನ ಜಾಲರಿಗೆ ಟಾರ್ಚ್ ಹಿಡಿದು ನಕ್ಕ. ಅದರ ತುಂಬ ಹುರುಳಿ ಹೊಟ್ಟು. ಚಳಿಗಾಲದಲ್ಲಿ ಪಾವಗಡದ ರಸ್ತೆಯುದ್ದಕ್ಕೂ ಒಕ್ಕಣೆಗೆ ಹಾಸಿದ್ದ ಹುರುಳಿಯ ಮೇಲೆ ದಿನಾ ಓಡಾಡಿದ್ದೆನಲ್ಲ, ಅದೆಲ್ಲ ಅಲ್ಲಿ ಸೇರಿಕೊಂಡಿತ್ತು. "ಇದು ತೊಳುದ್ರೆ ಸಾಕು ಕಣಮ್ಮ. ಕೂಲರ್ ಹಾಕುದ್ರೆ ಎರಡು ಪೈಪು, ನಾಕು ಜಾಯಿಂಟು ಜಾಸ್ತಿ. ಜಾಯಿಂಟು ಅಂದ್ಮ್ಯಾಲೆ ಸೋರೋದೇ" ಎಂದ. ತೊಳೆದ ಮೇಲೆ ಮುಳ್ಳು ಒಂದು ದಿನವೂ ಅಲ್ಲಾಡಲಿಲ್ಲ. ನಿನಗೆ ಹೇಳಿದರೆ, "ಅವನು ನನ್ಮುಂದೆ ಸ್ಪ್ಯಾನರ್ ಹಿಡ್ಯೋದು ಕಲ್ತವ್ನು" ಎಂದು ಎದ್ದು ಹೋದೆ. ಸದ್ಯ, ಮುಗಿಯಿತು ಎಂದುಕೊಂಡೆ.

ನೀನು ಮುಗಿಸಲಿಲ್ಲ. ಒಂದು ಭಾನುವಾರ ಸಿರಾದಲ್ಲಿ ಹುಷಾರಿಲ್ಲದ ಸ್ನೇಹಿತನನ್ನು ನೋಡಿ ಬರುತ್ತೇನೆಂದು ಕಾರಿನ ಕೀ ತೆಗೆದುಕೊಂಡು ಹೋದೆ. ಸಂಜೆ ಬಂದು ಕೀ ಕೊಡುವಾಗ ನಿನ್ನ ಮುಖದಲ್ಲಿ ನಗುವಿತ್ತು. ಸ್ನೇಹಿತ ಚೇತರಿಸಿಕೊಂಡಿರಬೇಕು ಎಂದು ನಂಬಿದ ಪೆದ್ದಿ ನಾನು.

ಮರುದಿನ ಬೆಳಿಗ್ಗೆ ನರ್ಸ್ ಸ್ನೇಹಲತಾ, ಇನ್ನಿಬ್ಬರು ಸಹೋದ್ಯೋಗಿಗಳು ಕಾರಿನಲ್ಲಿ ನನ್ನ ಜೊತೆಗಿದ್ದರು. ಮಿಡಿಗೇಶಿ ದಾಟುತ್ತಲೇ ಸುಟ್ಟ ವಾಸನೆ ಬಂತು, ಆಮೇಲೆ ಎಣ್ಣೆಯ ಕೆಂಪು ದೀಪ ಹತ್ತಿತು. ತಕ್ಷಣ ಆಫ್ ಮಾಡಿ ಪಕ್ಕಕ್ಕೆ ಉರುಳಿಸಿ ನಿಲ್ಲಿಸಿದೆ. ಆ ದೀಪ ಕಂಡರೆ ಯೋಚನೆ ಮಾಡುತ್ತಾ ಕೂರಬಾರದು ಎಂದು ಕಲಿಸಿದವನು ನೀನೇ, ಅದನ್ನು ಇಲ್ಲ ಎನ್ನುವುದಿಲ್ಲ. ಇಳಿದು ನೋಡಿದರೆ ಹಿಂದೆ ರಸ್ತೆಯ ಉದ್ದಕ್ಕೂ ಕಪ್ಪು ಗೆರೆ. ಬಾನೆಟ್ ಎತ್ತಿದರೆ ನಾನು ಹಾಕಿಸದ ಒಂದು ಹೊಸ ಜಾಲರಿ, ಅದರ ಪೈಪು ಕಳಚಿ ನೇತಾಡುತ್ತಿತ್ತು.

ಅವತ್ತು ಬಸುರಿಯರ ಸಕ್ಕರೆ ಪರೀಕ್ಷೆಯ ದಿನ. ನಾನು ಬಸ್ಸು ಹಿಡಿದು ಲ್ಯಾಬು ಮುಟ್ಟುವ ಹೊತ್ತಿಗೆ ಹನ್ನೊಂದೂವರೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಒಬ್ಬಾಕೆ ಬೆಂಚಿನ ಮೇಲೆ ಮಲಗಿಯೇ ಬಿಟ್ಟಿದ್ದಳು. "ಎಂತ ಸೇಪಮ್ಮಾ" ಎಂದಳು, ಎಷ್ಟು ಹೊತ್ತು ಕಾಯಬೇಕು ಎಂದು ತೆಲುಗಿನಲ್ಲಿ. ಜಗಳದ ಧ್ವನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೂ ಮೊದಲು, ರಸ್ತೆಯಲ್ಲಿ ನಿಂತೇ, ಮೂವರೂ ಕೇಳುವ ಹಾಗೆ ನಿನಗೆ ಫೋನ್ ಮಾಡಿ ಅಂದೆ: "ಮೂವತ್ತು ವರ್ಷ ಸ್ಟೀರಿಂಗ್ ತಿರುಗಿಸಿದ್ದೀಯ ಅಷ್ಟೇ. ಇಂಜಿನ್ ವಿಷಯ ನಿಂಗೇನ್ ಗೊತ್ತು?" ನೀನು ಫೋನ್ ಇಟ್ಟುಬಿಟ್ಟೆ. ನಾನು ಮನೆಗೆ ಬರುವಷ್ಟರಲ್ಲಿ ಗೂಟದಲ್ಲಿ ನಿನ್ನ ಚೀಲ ಇರಲಿಲ್ಲ.

ಕಾರನ್ನು ರುದ್ರಯ್ಯನಲ್ಲಿಗೇ ಎಳೆಸಿಕೊಂಡು ಹೋದೆ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಪೈಪು ಬಿಚ್ಚುತ್ತಾ, "ನಿಮ್ಮಪ್ಪ ಚಿಕ್ಕರಂಗಣ್ಣ ಯಾಕಿಂಗೆ ಆಡ್ತಾನೆ ಅಂತ ನಿಂಗೆ ಯಾರೂ ಹೇಳಿಲ್ವೇನಮ್ಮ" ಎಂದು ಕೇಳಿದ.

ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷದ ಮಾತಂತೆ. ನೀನು ಸರ್ಕಾರಿ ಕಚೇರಿಯ ಸಾಹೇಬರ ಜೀಪು ಓಡಿಸುತ್ತಿದ್ದೆ. ಏರಿನಲ್ಲಿ ಎಣ್ಣೆ ವಿಪರೀತ ಕಾಯುತ್ತಿದೆ, ರಿಪೇರಿಗೆ ಬಿಡಿ ಎಂದು ಎರಡು ಸಲ ಬಾಯಲ್ಲಿ ಹೇಳಿದೆಯಂತೆ, ಒಂದು ಸಲ ಬರೆದು ಕೊಟ್ಟೆಯಂತೆ. "ಓಡ್ಸೋದು ನಿನ್ ಕೆಲ್ಸ. ಇಂಜಿನ್ ವಿಷಯ ನಿಂಗೇನ್ ಗೊತ್ತು" ಎಂದರಂತೆ ಅವರು. ಏಪ್ರಿಲ್ ಬಿಸಿಲಲ್ಲಿ ಪಾವಗಡದ ದಾರಿಯಲ್ಲಿ ಇಂಜಿನ್ ಕಚ್ಚಿಕೊಂಡು ನಿಂತೇ ಹೋಯಿತು. ಚಾಲಕನ ನಿರ್ಲಕ್ಷ್ಯ ಎಂದು ವರದಿಯಾಯಿತು. ನೀನು ಬರೆದು ಕೊಟ್ಟ ಕಾಗದ ಯಾರಿಗೂ ಸಿಗಲಿಲ್ಲ. ಎರಡು ವರ್ಷ ನಿನ್ನನ್ನು ಗಾಡಿಯಿಂದ ಇಳಿಸಿ, ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. "ಆ ಇಂಜಿನ್ನು ಬಿಚ್ದವ್ನು ನಾನೇ. ನಿಮ್ಮಪ್ಪ ಹೇಳಿದ್ದು ಸರ್ಯಾಗಿತ್ತು" ಎಂದ ರುದ್ರಯ್ಯ.

ಆ ಎರಡು ವರ್ಷವೂ ನೀನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಹೊರಡುತ್ತಿದ್ದೆ. ನಮ್ಮ ಕೇರಿಯ ಮೊದಲ ಡ್ರೈವರ್ ನಮ್ಮಪ್ಪ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ಮೆರೆಯುತ್ತಿದ್ದೆ. ಅಮ್ಮನನ್ನು ಕೇಳಿದರೆ, "ಮಗೀಗೆ ಹೇಳ್ಬ್ಯಾಡ ಅಂದಿದ್ರು" ಎಂದು ಅಕ್ಕಿ ಆರಿಸುತ್ತಾ ಕೂತಳು. ಅಪ್ಪ, ಸಾಹೇಬರು ಆಡಿದ ಮಾತನ್ನೇ ನಾನೂ ಆಡಿದೆನಲ್ಲ, ಅಕ್ಷರ ಕೂಡ ಬದಲಾಗದೆ. ಆ ಮಾತಿಗೆ ಕ್ಷಮೆ ಕೇಳುತ್ತೇನೆ. ಸ್ನೇಹಲತಾ, ಉಳಿದಿಬ್ಬರಿಗೂ ಮರುದಿನವೇ ಬಸ್ಸಿನಲ್ಲಿ ಜೀಪಿನ ಕಥೆ ಪೂರ್ತಿ ಹೇಳಿದೆ. ಅವರೆದುರೇ ಅಂದಿದ್ದೆ, ಅವರೆದುರೇ ತಿದ್ದಿಕೊಂಡೆ.

ಆದರೆ ಕೂಲರ್ ವಿಷಯಕ್ಕೆ ಕ್ಷಮೆ ಕೇಳುವುದಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ಅದು ಬೇಡವೆನ್ನಲು ನನಗೂ ಮನಸ್ಸು ಬರಲಿಲ್ಲ, ಅದಕ್ಕೇ ರುದ್ರಯ್ಯನ ಕೈಯಲ್ಲಿ ಎಣ್ಣೆಯ ಬಿಸಿ ಅಳೆಯುವ ಮೀಟರೊಂದನ್ನು ಹಾಕಿಸಿದೆ. ಮೊನ್ನೆ ಭಾನುವಾರ ಮಧ್ಯಾಹ್ನ ಎರಡಕ್ಕೆ, ಸುಡುಬಿಸಿಲಲ್ಲಿ, ನಾಲ್ಕು ಜನ ಕೂತು, ಹಿಂದೆ ರಾಗಿ ಮೂಟೆ ಹೇರಿ, ಕೂಲರ್ ಇಲ್ಲದೆಯೇ ಪಾವಗಡಕ್ಕೆ ಹೋಗಿ ಬಂದೆವು. ಏರಿನಲ್ಲೂ ನೂರಾ ಎಂಟು ಡಿಗ್ರಿ ದಾಟಲಿಲ್ಲ. "ನೂರಾ ಇಪ್ಪತ್ತರ ಮ್ಯಾಕೆ ಹೋದ್ರೆ ಯೋಚ್ನೆ ಮಾಡಾಣ" ಎಂದ ರುದ್ರಯ್ಯ. ಕೂಲರ್ ಬಿಚ್ಚಿಸಿದ್ದೇನೆ. ಮತ್ತೆ ಹಾಕಿಸುವುದಿಲ್ಲ.

ಅವತ್ತು ನಿನ್ನ ಮಾತು ನಿಜವೋ ಸುಳ್ಳೋ ಎಂದು ಯಾರೂ ಅಳೆದು ನೋಡಲಿಲ್ಲ. ನಾನು ಅಳೆದೆ. ಜೀಪಿನ ವಿಷಯದಲ್ಲಿ ನೀನು ಸರಿ. ಈ ಕಾರಿನ ವಿಷಯದಲ್ಲಿ ತಪ್ಪು. ಎರಡನ್ನೂ ನಿನ್ನ ಮುಖಕ್ಕೇ ಹೇಳುತ್ತೇನೆ.

ಬರುವ ಭಾನುವಾರ ಎರಡು ಗಂಟೆಗೆ ದೊಡ್ಡೇರಿಗೆ ಬರುತ್ತೇನೆ. ಪಾವಗಡದವರೆಗೆ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತು ಮೀಟರ್ ಓದುತ್ತೇನೆ. ನೂರಾ ಇಪ್ಪತ್ತು ದಾಟಿದರೆ ನನ್ನ ಮಾತು ಹಿಂದಕ್ಕೆ. ದಾಟದಿದ್ದರೆ ವಾಪಸ್ ಬರುವ ದಾರಿಯುದ್ದಕ್ಕೂ ಬೇರೆ ಏನಾದರೂ ಮಾತಾಡು, ನಿನಗೆ ಕೈ ಮುಗಿಯುತ್ತೇನೆ. ಆ ಸ್ಟೂಲಿನ ದಿನಗಳ ಬಗ್ಗೆಯಾದರೂ ಸರಿ.

ಅಲ್ಲಿಯವರೆಗೆ ಬಿಸಿಲಲ್ಲಿ ತಿರುಗಬೇಡ. ನೀನು ಹಿಡಿದ ಗಾಡಿಗಳೆಲ್ಲ ಊರು ಮುಟ್ಟಲಿ.

ಇನ್ನೂ ಸಿಟ್ಟಿಳಿಯದ ನಿನ್ನ ಮಗಳು,
ಶರಣ್ಯಾ