ಮಾತಾಡುವ ಕಂಪ್ಯೂಟರಿನ ಬಾಯಿ ಮುಚ್ಚಿಸಿದವರಿಗೆ

‘ಸೊಲ್ಲು’ ಕಂಪನಿಯ ಪರವಾನಗಿ ವಿಭಾಗದ ಮುಖ್ಯಸ್ಥರೇ,

ನಿಮ್ಮ ವಿಭಾಗ ನನ್ನ ಕಂಪ್ಯೂಟರಿನ ಬಾಯಿ ಮುಚ್ಚಿಸಿ ಇಂದಿಗೆ ಇಪ್ಪತ್ತಾರು ದಿನ. ಅಷ್ಟು ದಿನದಿಂದ ನಾನು ಕೈಕಟ್ಟಿ ಕೂತಿದ್ದೇನೆ. ಬರುವ ಸೋಮವಾರದೊಳಗೆ ಅದು ಮಾತಾಡದಿದ್ದರೆ ಹನ್ನೊಂದು ವರ್ಷದ ನನ್ನ ಕೆಲಸ ಹೋಗುತ್ತದೆ. ನಿಮಗೆ ಒಂಬತ್ತು ಇ-ಮೇಲ್ ಬರೆಸಿದೆ. ಒಂಬತ್ತಕ್ಕೂ ಅಕ್ಷರ ಬದಲಾಗದ ಒಂದೇ ಉತ್ತರ ಬಂತು. ಹತ್ತನೆಯದನ್ನು ಊರಿನವರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಕುರುಡ. ಈ ಪದಕ್ಕೆ ನೀವು ಮುಜುಗರ ಪಡಬೇಕಿಲ್ಲ, ನಿಮ್ಮ ಜಾಹೀರಾತಿನಲ್ಲಿ ನನ್ನಂಥವರಿಗೆ ಇನ್ನೂ ಸೊಗಸಾದ ಹೆಸರುಗಳಿವೆ. ಹರಿಹರದ ವಕೀಲರಾದ ಬಕ್ಕೇಶಪ್ಪನವರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೇನೆ. ಅವರು ಹೇಳುತ್ತಾರೆ, ನಾನು ಹೊಡೆಯುತ್ತೇನೆ. ಹೊಡೆದದ್ದನ್ನು ಕಂಪ್ಯೂಟರ್ ಓದಿ ಹೇಳುತ್ತದೆ, ನಾನು ತಿದ್ದುತ್ತೇನೆ. ಕಂಪ್ಯೂಟರ್ ನಡೆಸಲು ಲೋಕವೆಲ್ಲ ಬಳಸುವ ವ್ಯವಸ್ಥೆಗಳನ್ನು ಬಿಟ್ಟು ಸಾವಿರಕ್ಕೊಬ್ಬರೂ ಬಳಸದ ನಿಮ್ಮ ಸೊಲ್ಲನ್ನು ನಾನು ಹಾಕಿಸಿಕೊಂಡದ್ದು ಒಂದೇ ಕಾರಣಕ್ಕೆ. ಗುಂಡಿ ಒತ್ತಿದ ಕ್ಷಣದಿಂದಲೇ ಅದು ಕನ್ನಡದಲ್ಲಿ ಮಾತಾಡುತ್ತಿತ್ತು, ಒಂದು ಒತ್ತಕ್ಷರವನ್ನೂ ನುಂಗುತ್ತಿರಲಿಲ್ಲ. ಮೆಚ್ಚಿ ಇನ್ನೂ ನಾಲ್ವರಿಗೆ ಹಾಕಿಸಿಕೊಟ್ಟಿದ್ದೇನೆ. ಈಗ ಅವರಿಗೆ ಮುಖ ತೋರಿಸಲು ಆಗುತ್ತಿಲ್ಲ.

ನಾನು ಮಾಡಿದ ಅಪರಾಧ ಆಯುಧಪೂಜೆ. ನಮ್ಮ ಕಡೆ ಪೂಜೆಗಿಡುವ ಯಂತ್ರವನ್ನು ಮೇಲೆ ಮೇಲೆ ಒರೆಸಿ ಇಡುವುದಿಲ್ಲ. ಲೇತ್ ಆಗಲಿ, ಮಂಡಕ್ಕಿ ಭಟ್ಟಿಯ ಮೋಟರ್ ಆಗಲಿ, ಬಿಚ್ಚಿ, ಕೊಳೆ ತೆಗೆದು, ಮತ್ತೆ ಜೋಡಿಸಿದ ಮೇಲೇ ವಿಭೂತಿ. ನಾನೂ ಪ್ರತಿ ವರ್ಷದಂತೆ ಹಿಂದಿನ ದಿನ ಸಿಪಿಯು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ತಂದೆ. ಕೆ.ಬಿ. ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಕ್ತುಮ್ ಸಾಬರು ಅದನ್ನು ಬಿಚ್ಚಿ, ಧೂಳು ಊದಿ, ಒಂದೊಂದೇ ಕಾರ್ಡನ್ನು ಬ್ರಷ್ಷಿನಿಂದ ಉಜ್ಜಿದರು. ಇಂಟರ್‌ನೆಟ್ಟಿನ ಕಾರ್ಡು ಕೂರುವ ಜಾಗ ಸಡಿಲವಾಗಿತ್ತೆಂದು ಅದನ್ನು ಪಕ್ಕದ ಜಾಗದಲ್ಲಿ ಕೂರಿಸಿದರು. “ಮಾಂತೇಶಣ್ಣ, ಇಲ್ಲಿ ಗಟ್ಟಿ ಕುಂತೈತೆ, ಇನ್ನ ಐದು ವರ್ಷ ಚಿಂತಿ ಬ್ಯಾಡ” ಅಂದರು. ಮರುದಿನ ಹರಿಹರದಲ್ಲಿ ವಿಭೂತಿ ಬಳಿದು, ಚೆಂಡುಹೂವು ಏರಿಸಿ, ಕುಂಬಳಕಾಯಿ ಒಡೆದು ಗುಂಡಿ ಒತ್ತಿದೆವು. “ಈ ಯಂತ್ರಕ್ಕೆ ಪರವಾನಗಿ ಇಲ್ಲ” ಎಂದಿತು. ಅಲ್ಲಿಂದ ಮುಂದೆ ಒಂದು ಮಾತೂ ಆಡಿಲ್ಲ.

ಆಮೇಲೆ ತಿಳಿಯಿತು, ಪರವಾನಗಿಯನ್ನು ನೀವು ಕೊಂಡವನಿಗೆ ಕೊಡುವುದಿಲ್ಲವಂತೆ. ಪೆಟ್ಟಿಗೆಯೊಳಗೆ ಯಾವ ಬಿಡಿಭಾಗ ಯಾವ ಜಾಗದಲ್ಲಿ ಕೂತಿದೆ ಎಂಬುದಕ್ಕೆ ಕೊಡುತ್ತೀರಂತೆ. ಕಾರ್ಡು ಒಂದು ಬೆರಳಿನಷ್ಟು ಸರಿದರೆ ಅದು ಬೇರೆಯೇ ಯಂತ್ರ. ಮಕ್ತುಮ್ ಸಾಬರು ಗಾಬರಿಯಾಗಿ ಅದನ್ನು ಹಳೆಯ ಜಾಗಕ್ಕೇ ಹಾಕಿದರು. ನಿಮ್ಮ ಸೊಲ್ಲು ಅದನ್ನು ಎರಡನೆಯ ಬದಲಾವಣೆ ಎಂದು ಬರೆದುಕೊಂಡು ಬೀಗವನ್ನು ಇನ್ನಷ್ಟು ಬಿಗಿ ಮಾಡಿತು. “ಬಳಕೆದಾರರು ಅನಧಿಕೃತ ಹಸ್ತಕ್ಷೇಪ ನಡೆಸಿರುವುದು ಕಂಡುಬಂದಿದೆ, ವಿಷಾದಿಸುತ್ತೇವೆ” ಎಂದು ನಿಮ್ಮ ಉತ್ತರ. ಒಳ್ಳೆಯದು. ಆ ದಿನ ದಾವಣಗೆರೆಯಿಂದ ಹರಿಹರದವರೆಗೆ ಹಸ್ತಕ್ಷೇಪ ನಡೆಸದ ಮನುಷ್ಯ ಒಬ್ಬನೂ ಇರಲಿಲ್ಲ, ಎಲ್ಲರ ಮೇಲೂ ಕ್ರಮ ಜರುಗಿಸಿ.

ಬೀಗ ತೆಗೆಯಲು ನೀವಿಟ್ಟಿರುವ ದಾರಿಯನ್ನೂ ಓದುಗರು ತಿಳಿಯಬೇಕು. ಪರದೆಯ ಮೇಲೆ ಸೊಟ್ಟ ಸೊಟ್ಟ ಅಕ್ಷರಗಳ ಚಿತ್ರವೊಂದು ಬರುತ್ತದಂತೆ, ಅದನ್ನು ನೋಡಿ ಹೊಡೆಯಬೇಕಂತೆ. ಕುರುಡರಿಗೆಂದೇ ಮಾಡಿದ ಕಂಪ್ಯೂಟರಿನ ಬೀಗವನ್ನು ಕಣ್ಣಿದ್ದವರಷ್ಟೇ ತೆಗೆಯಬಹುದು. ಇದು ಯಾರಿಗೆ ಹೊಳೆಯಿತು ಸ್ವಾಮಿ? ಅವರಿಗೆ ಬಡ್ತಿ ಸಿಕ್ಕಿದೆಯೇ? ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ, “ಸ್ಕ್ರೀನ್ ಮೇಲೆ ಏನು ಕಾಣಿಸ್ತಿದೆ ಸರ್?” ಎಂದರು. “ನಂಗೇನೂ ಕಾಣಂಗಿಲ್ಲಪ್ಪ” ಅಂದೆ. “ಬ್ರೈಟ್‌ನೆಸ್ ಜಾಸ್ತಿ ಮಾಡಿ ಸರ್” ಎಂದರು. ನನ್ನ ಹೆಂಡತಿ ರೂಪಶ್ರೀ ಫೋನು ಕಿತ್ತುಕೊಂಡು, “ನೀವು ಇದನ್ನ ಮಾರೋದು ಯಾರಿಗೆ ಅಂತ ನಿಮಗ ಗೊತ್ತೈತೇನ್ರಿ?” ಎಂದು ಕೇಳಿದಳು. ಆ ಕಡೆಯಿಂದ ಸಂಗೀತ ಹಾಕಿದರು. ಅವಳೇ ಆ ಚಿತ್ರ ನೋಡಿ ಹೊಡೆದಳು. ಎರಡು ಬದಲಾವಣೆಯ ಮಿತಿ ಮುಗಿದಿದೆ, ಹೊಸ ಪರವಾನಗಿ ಕೊಳ್ಳಿ ಎಂದು ಬಂತು.

ಅದನ್ನೂ ಕೊಂಡೆ. ಅದು ಹೊಸ ಆವೃತ್ತಿಗೆ ಮಾತ್ರ ನಡೆಯುತ್ತದಂತೆ. ಮಕ್ತುಮ್ ಸಾಬರು ಇಡೀ ಒಂದು ದಿನ ಕೂತು ಹೊಸ ಆವೃತ್ತಿ ಹಾಕಿದರು. ಎಲ್ಲವೂ ಸರಿಯಾಗಿ ಕೂತಿತು, ಧ್ವನಿಯೊಂದನ್ನು ಬಿಟ್ಟು. ನನ್ನ ಸೌಂಡ್ ಕಾರ್ಡು ನಿಮ್ಮ ಬೆಂಬಲದ ಪಟ್ಟಿಯಲ್ಲಿಲ್ಲ. ಪಟ್ಟಿಯನ್ನು ರೂಪಶ್ರೀ ಪೂರ್ತಿ ಓದಿ ಹೇಳಿದಳು. ಮಾನಿಟರುಗಳು ಇಪ್ಪತ್ತೆರಡು ಇವೆ, ಸೌಂಡ್ ಕಾರ್ಡುಗಳು ಮೂರು. ಆ ಮೂರನ್ನು ಕೇಳಿ ಮಕ್ತುಮ್ ಸಾಬರು, “ಇವು ಗುಜರಿಯಾಗೂ ಸಿಗಂಗಿಲ್ಲ ಬಿಡ್ರಿ” ಅಂದರು. ಮಾತಾಡುವುದೇ ಕೆಲಸವಾಗಿರುವ ವ್ಯವಸ್ಥೆಗೆ ಕಿವಿ ಬಾಯಿ ಬೇಡ, ಬಣ್ಣಬಣ್ಣದ ಪರದೆ ಬೇಕು. ಯಾರು ನೋಡಲಿ ಎಂದು?

ಬೇರೆ ವ್ಯವಸ್ಥೆಗೆ ಹೋಗಬಾರದೇ ಎಂದು ಕೆಲವರು ಕೇಳಿದರು. ಹೋಗುತ್ತೇನೆ, ಕಲಿಯುತ್ತೇನೆ, ಕಲಿಯಲು ಬೇಸರವಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ನಾನು ಹೊಡೆದ ದಾವೆ, ತಕರಾರು, ಕರಾರುಪತ್ರಗಳೆಲ್ಲ ಸೊಲ್ಲು ಮಾತ್ರ ತೆರೆಯಬಲ್ಲ ಕಡತಗಳಲ್ಲಿ ಸಿಕ್ಕಿಕೊಂಡಿವೆ. ಕಣ್ಣಿದ್ದವರು ಹಳೆಯ ಕಾಗದ ನೋಡಿ ಮತ್ತೆ ಹೊಡೆಯಬಹುದು. ನಾನು ಕಾಗದವನ್ನು ಮುಟ್ಟಿ ನೋಡಬಹುದಷ್ಟೆ.

ಬಕ್ಕೇಶಪ್ಪನವರು ಕೆಟ್ಟವರಲ್ಲ. “ಮಾಂತೇಶ, ನಾ ಎಷ್ಟು ದಿನ ಬೇಕಾದ್ರೂ ಕಾಯ್ತೀನಿ, ಕೋರ್ಟು ಕಾಯಂಗಿಲ್ಲಪ್ಪ. ಸೋಮವಾರದ ತನಕ ನೋಡಾಣ” ಎಂದು ಹೇಳಿ, ಚೈತ್ರಾ ಎಂಬ ಹುಡುಗಿಯನ್ನು ಟೈಪಿಂಗಿಗೆ ತಾತ್ಕಾಲಿಕವಾಗಿ ಕರೆಸಿದ್ದಾರೆ. ನಾನು ದಿನಾ ಶಾಮನೂರಿನಿಂದ ಬಸ್ಸು ಹತ್ತಿ ಹೋಗಿ, ಕಕ್ಷಿದಾರರ ಬೆಂಚಿನ ಮೇಲೆ ಕೂತು ಬರುತ್ತೇನೆ. ಮೊನ್ನೆ ನಂದಿಗುಡಿಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, “ನಿಮ್ದೂ ಜಮೀನಿನ ವ್ಯಾಜ್ಯ ಏನ್ರಿ?” ಎಂದು ಕೇಳಿದರು. ಹೌದು ಎಂದುಬಿಟ್ಟೆ. ಇಲ್ಲಿಯ ಟೈಪಿಸ್ಟ್ ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ.

ನನಗೆ ನಿಮ್ಮ ವಿಷಾದ ಬೇಡ, ಅದರ ಒಂಬತ್ತು ಪ್ರತಿ ಈಗಾಗಲೇ ನನ್ನಲ್ಲಿವೆ. ಶುಕ್ರವಾರದೊಳಗೆ ನನ್ನ ಹಳೆಯ ಪರವಾನಗಿಗೆ ಜೀವ ಕೊಡಿ. ಬೀಗದ ಪರದೆ ಮಾತಾಡುವಂತೆ ಮಾಡಿ. ಇವೆರಡೂ ಆಗದಿದ್ದರೆ ನನ್ನ ಕಡತಗಳನ್ನು ಬೇರೆಡೆ ತೆರೆಯುವ ದಾರಿಯನ್ನಾದರೂ ಕೊಟ್ಟು ನನ್ನನ್ನು ಬಿಟ್ಟುಬಿಡಿ.

ಈ ಪತ್ರವನ್ನು ನಾನು ಹೇಳಿದಂತೆ ಹೊಡೆದುಕೊಟ್ಟವಳು ಚೈತ್ರಾ. ಮಧ್ಯದಲ್ಲಿ ಒಮ್ಮೆ ಕೈ ನಿಲ್ಲಿಸಿ, “ಸರ್, ಅವ್ರು ಸರಿ ಮಾಡಿಕೊಟ್ರೆ ನಾನು ಬರೋದು ಬ್ಯಾಡ ಅಲ್ರಿ?” ಎಂದು ಕೇಳಿದಳು. ನಾನು ಮುಂದಿನ ಸಾಲು ಹೇಳಿದೆ, ಅವಳು ಹೊಡೆದಳು. ಮುಗಿದ ಮೇಲೆ ರೂಪಶ್ರೀಯಿಂದ ಎರಡು ಸಲ ಓದಿಸಿ ಕೇಳಿದೆ. ಒಂದು ತಪ್ಪೂ ಇರಲಿಲ್ಲ.

ಇಂತಿ,
ನಿಮ್ಮ ದಾಖಲೆಯ ಅನಧಿಕೃತ ಮನುಷ್ಯ,
ಮಹಾಂತೇಶ್, ಶಾಮನೂರು
ಸೋಮವಾರದವರೆಗೆ ಟೈಪಿಸ್ಟ್