ಭೂಪಟದ ಮೇಲೆ ಒಂದು ಗೇಣು

ಮಾನ್ಯ ಅಧ್ಯಕ್ಷರೇ, ಭೂಗೋಳ ಪಂಡಿತರೇ, ಮತ್ತು ಅಂಗಡಿಯ ಇಂಚುಟೇಪಿನಲ್ಲಿ ಆಕಾಶ ಅಳೆದ ದರ್ಜಿ ಭಾವನವರೇ,

ಫೋನಿನಲ್ಲಿ ಬೈದರೆ ಅಕ್ಕ ಅಡ್ಡ ಬರುತ್ತಾಳೆ, ಅದಕ್ಕೇ ಈ ಕಾರ್ಡು. ಗೋಡೆಯ ಭೂಪಟದ ಮೇಲೆ ಟೇಪು ಹಿಡಿದು, "ನಮ್ಮ ಏರ್‌ಪೋರ್ಟಿಗೂ ಅಣ್ಣನ ಊರಿನ ಏರ್‌ಪೋರ್ಟಿಗೂ ಮಧ್ಯೆ ಒಂದೇ ಗೇಣು ಕಣೋ. ರಾತ್ರಿ ಹತ್ತಿದ್ರೆ ಬೆಳಗ್ಗೆ ಆಪರೇಷನ್‌ಗೆ ಮುಂಚೆ ಅವನ ಪಕ್ಕದಲ್ಲಿರ್ತೀಯ" ಎಂದಿರಿ. ಅದನ್ನು ನಂಬಿ ಅಗ್ಗದ ಟಿಕೆಟ್ ಕೊಂಡೆ. ನಿಮ್ಮ ಟೇಪು ನೆಟ್ಟಗಿತ್ತು, ವಿಮಾನದ ದಾರಿ ಸೊಟ್ಟಗಿತ್ತು. ಯಾವುದೋ ಮೂರನೆಯ ಊರಿನಲ್ಲಿ ಇಳಿಸಿದ್ದಾರೆ, ಮುಂದಿನ ವಿಮಾನ ಸಂಜೆಗೆ. ಇಲ್ಲಿ ನೆಲವೇ ನಡೆಯುತ್ತದೆ. ಜನ ಪೆಟ್ಟಿಗೆ ಹಿಡಿದು ಸುಮ್ಮನೆ ನಿಂತರೂ ಮುಂದೆ ಹೋಗುತ್ತಾರೆ, ನಾನೊಬ್ಬ ಮಾತ್ರ ಇದ್ದಲ್ಲೇ ಇದ್ದೇನೆ. ಬೇಗ ಕಳಿಸಿ ಎಂದು ಕೌಂಟರಿನಾಕೆಯನ್ನು ಬೇಡಿಕೊಂಡರೆ ಒಂದು ಚಾಕೊಲೇಟ್ ಕೊಟ್ಟಳು. ಇನ್ನು ಮೇಲೆ ನೀವು ಪೈಜಾಮ ಅಳೆಯಿರಿ, ಪ್ರಪಂಚವನ್ನಲ್ಲ. ಬಿ.ಪಿ. ಮಾತ್ರೆ ನುಂಗಿದ್ದೇನೆ.

ಭಾವ, ಸಭೆ ಸಾಕು. ಅತ್ತಿಗೆ ಈಗ ಫೋನ್ ಮಾಡಿದ್ದರು. ಅಣ್ಣನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದರಂತೆ. "ತಮ್ಮ ಬಂದ್ನಾ ಅಂತ ಕೇಳ್ತಾನೇ ಒಳಗೆ ಹೋದ್ರು" ಎಂದರು. ನನಗೆ ಹೆದರಿಕೆಯಾಗುತ್ತಿದೆ.