ಹಂದಿ ಕನಸಿನ ಬೆಲೆ

ಜೊಂಜು, ನವೆಂಬರ್ ೯

ಪ್ರೀತಿಯ ಅಕ್ಕನಿಗೆ,

ಬೆಳಿಗ್ಗೆ ಫೋನಿನಲ್ಲಿ, "ಕನಸಲ್ಲಿ ಹೆಣ್ಣು ಹಂದಿ ಮರಿಗಳ ಸಮೇತ ನಮ್ಮ ಅಡುಗೆಮನೆಗೇ ನುಗ್ಗಿಬಿಡ್ತು ಕಣೇ, ಹಂದಿ ಕಂಡ್ರೆ ದುಡ್ಡು ಬರುತ್ತಲ್ಲ, ಶನಿವಾರ ಲಾಟರಿ ತಗೊಳ್ಳೋದೇ" ಅಂದೆಯಲ್ಲ, ಆಗಿನಿಂದ ನಾನು ನಿಂತಲ್ಲಿ ನಿಲ್ಲುತ್ತಿಲ್ಲ. ಲಾಟರಿ ಬೇಡ ಅಕ್ಕಾ! ಆ ಕನಸನ್ನು ನನಗೆ ಮಾರಿಬಿಡು.

ಚಳಿಗೆ ಹೊಸ ಕೋಟು ಕೊಳ್ಳಲೆಂದು ಎತ್ತಿಟ್ಟಿದ್ದ ಹಣವನ್ನೆಲ್ಲ ಈ ಲಕೋಟೆಯಲ್ಲಿಟ್ಟಿದ್ದೇನೆ. ತಂಗಿಯೆಂದು ವಾಪಸ್ ಕಳಿಸಬೇಡ, ಪುಕ್ಕಟೆ ಸಿಕ್ಕ ಕನಸು ಫಲಿಸುವುದಿಲ್ಲ. ಹಣ ಕೈಗೆ ಬಂದ ಕೂಡಲೇ "ಬೋರಾ, ಮಾರಿದೆ" ಎಂದು ಬಾಯಿಬಿಟ್ಟು ಹೇಳು. ಅಲ್ಲಿಯವರೆಗೆ ಆ ಕನಸನ್ನು ಭಾವನಿಗೂ ಹೇಳಬೇಡ.

ನಮ್ಮ ಯಜಮಾನರು ತೇಸೂ ಆಗಲೇ ನಗಾಡಿದರು: "ಒಂದು ಕೋಸಿಗೆ ಅರ್ಧ ಗಂಟೆ ಚೌಕಾಸಿ ಮಾಡೋಳು, ಹಂದಿಗೆ ಹೀಗೆ ಸುರೀತೀಯಲ್ಲೇ! ಲಾಟರಿ ಹೊಡೆದ್ರೆ ನಂಗೂ ಪಾಲು ಕೊಡು." ನಾನೂ ಲಾಟರಿಗೇ ಎಂಬಂತೆ ತಲೆಯಾಡಿಸಿದೆ.

ನೀನು ಅಮ್ಮನ ಹೊಟ್ಟೆಯಲ್ಲಿದ್ದಾಗ ಅಜ್ಜಿಗೆ ಬಿದ್ದದ್ದೂ ಮರಿ ಹಾಕಿದ ಹಂದಿಯ ಕನಸೇ ಅಲ್ಲವೇ? ನನ್ನ ಮದುವೆಯಾಗಿ ಒಂಬತ್ತು ವರ್ಷ. ಈ ತಿಂಗಳ ಮುಟ್ಟು ಹನ್ನೆರಡು ದಿನ ತಡವಾಗಿದೆ. ಇನ್ನೂ ಯಾರಿಗೂ ಹೇಳಿಲ್ಲ.

ಕೋಟಿನ ಚಿಂತೆ ಮಾಡಬೇಡ. ಈಗ ಕೊಂಡರೂ ಮಾರ್ಚ್ ಹೊತ್ತಿಗೆ ಅದರ ಗುಂಡಿ ಹಾಕಲು ಬರಲಿಕ್ಕಿಲ್ಲ.

ನಿನ್ನ ಫೋನಿಗೆ ಕಾಯುತ್ತಿರುವ,
ಬೋರಾ